ಕಸ್ತೂರೆವ್ವನ ಪಾಟೀಸವಾಲು

ನನ್ನನ್ನು ಡಾಕ್ಟರ್ ಮಾಡಿದವಳು ಒಬ್ಬ ಹೆಣ್ಣುಮಗಳು. ತಾಯಿಯಲ್ಲ, ಅಕ್ಕನಲ್ಲ, ಕಾಲೇಜಿನ ಮೇಡಮ್ಮೂ ಅಲ್ಲ. ಆಕೆಗೆ ನನ್ನ ಮೇಲೆ ಎಳ್ಳಷ್ಟೂ ಪ್ರೀತಿ ಇರಲಿಲ್ಲ. ಇತ್ತೆಂದು ಯಾರಾದರೂ ಓಣಿಯಲ್ಲಿ ಹಬ್ಬಿಸಿದ್ದರೆ ಅವರ ಮೇಲೆ ಒಂದು ಕೇಸು ಹಾಕಿಯೇ ನೀರು ಕುಡಿಯುತ್ತಿದ್ದಳು. ನನಗೂ ಆಕೆಯ ಮೇಲೆ ಪ್ರೀತಿ ಇರಲಿಲ್ಲ. ಇಂದು ಇದೆಯೇ ಎಂದು ಕೇಳಿದರೆ ಪ್ರಮಾಣ ಮಾಡಿ ಹೇಳುವ ಧೈರ್ಯ ನನಗಿಲ್ಲ. ಪ್ರಮಾಣದ ವಿಷಯದಲ್ಲಿ ಆಕೆ ನನ್ನನ್ನು ಎಷ್ಟು ಹೆದರಿಸಿಟ್ಟಿದ್ದಾಳೆ ಎಂಬುದು ಮುಂದೆ ನಿಮಗೇ ತಿಳಿಯುತ್ತದೆ.

ಹೆಸರು ಕಸ್ತೂರೆವ್ವ. ಊರು ಚಿಕ್ಕೋಡಿ. ಗಂಡ ತೀರಿದ ಮೇಲೆ ದೊಡ್ಡ ಮನೆಯ ನಡುವೆ ಗೋಡೆ ಎದ್ದು, ಒಂದು ಭಾಗ ಆಕೆಗೆ, ಇನ್ನೊಂದು ಭಾಗ ಮೈದುನ ತಾತ್ಯಾಸಾಹೇಬನಿಗೆ ಬಂದಿತ್ತು. ಗೋಡೆ ಮಾತ್ರ ಯಾರಿಗೂ ಬಂದಿರಲಿಲ್ಲ. ಗೋಡೆ ತನ್ನದೆಂದು ಆಕೆ, ಅಲ್ಲ ತನ್ನದೆಂದು ಅವನು, ಹದಿನೇಳು ವರ್ಷದಿಂದ ಕೋರ್ಟಿನ ಮೆಟ್ಟಿಲು ಸವೆಸಿದ್ದರು. ಒಂದೇ ಗೋಡೆಗೆ ಈಚೆಯಿಂದ ಆಕೆ ಮೊಳೆ ಹೊಡೆದರೆ ಆಚೆಯಿಂದ ಅವನು ಹೊಡೆಯುತ್ತಿದ್ದ. ಇಬ್ಬರ ಮೊಳೆಗಳೂ ನಡುವೆ ಎಲ್ಲೋ ಒಂದಕ್ಕೊಂದು ತಾಕುತ್ತಿದ್ದವೋ ಏನೋ.

ಇನ್ನು ನನ್ನ ಕಥೆ. ೧೯೮೬ರಲ್ಲಿ ನಾನು ಮೆಡಿಕಲ್ ಕಾಲೇಜಿನ ಮೊದಲ ವರ್ಷದಲ್ಲಿ ಮೂರನೆಯ ವರ್ಷ ಕಳೆಯುತ್ತಿದ್ದೆ. ಕಾಲೇಜಿನ ಹೆಸರು ಬೇಡ. ಅದರ ತಪ್ಪೇನೂ ಇರಲಿಲ್ಲ. ಉಳಿದ ವಿಷಯಗಳೆಲ್ಲ ಹೇಗೋ ದಾಟಿದ್ದವು, ಅನಾಟಮಿ ಮಾತ್ರ ಎರಡು ಸಲ ನನ್ನನ್ನು ಎತ್ತಿ ಒಗೆದಿತ್ತು. ಮೂರನೆಯ ಸಲವೂ ನಪಾಸಾದರೆ ಹೆಸರು ಕಡಿತ ಎಂಬುದು ನಿಯಮ. ನಮ್ಮೂರು ಅಥಣಿ ತಾಲ್ಲೂಕಿನ ಸತ್ತಿ. ಹೊಳೆ ದಂಡೆಗೆ ಕಬ್ಬು, ಅದರಾಚೆ ದ್ರಾಕ್ಷಿ. ನಮ್ಮಪ್ಪ ವಿರುಪಾಕ್ಷಪ್ಪ ನನಗೆ ಸೀಟು ಸಿಕ್ಕ ವಾರವೇ ಅಥಣಿಯ ಪೇಂಟರನಿಂದ 'ಡಾ. ಮುರಗೆಪ್ಪ' ಎಂದು ಬೋರ್ಡು ಬರೆಸಿ ತಂದಿದ್ದರು. ನಾನು ಎರಡನೆಯ ಸಲ ನಪಾಸಾಗಿ ಕೂತಾಗ ಅಣ್ಣ ಬಾಬಾಸಾಹೇಬ ಆ ಬೋರ್ಡನ್ನು ದ್ರಾಕ್ಷಿಗೆ ಹೊಡೆಯುವ ಮೈಲುತುತ್ತ ಕಲಸುವ ಪೀಪಾಯಿಯ ಮೇಲೆ ಮುಚ್ಚಳವಾಗಿ ಹಾಕಿದ. ರಜೆಗೆ ಹೋದಾಗ ನನಗೆ ಹೊಸ ಸ್ಪ್ರೇ ಪಂಪು ತೋರಿಸಿದ.

"ನಿನ್ನ ಬೆನ್ನಿನ ಅಳತಿಗೆ ಬೆಲ್ಟ ಬಿಗಿಸೇನಿ," ಎಂದ. "ದಸರಾದಾಗ ಬಳ್ಳಿ ಕತ್ತರಸ್ತೀವಿ. ಅಷ್ಟರಾಗ ನಪಾಸಾಗಿ ಬಂದ ಬಿಡು, ಆಳಿಗೆ ಹೇಳೂದು ತಪ್ಪತೈತಿ."

ಪರೀಕ್ಷೆ ಸೆಪ್ಟೆಂಬರಿನಲ್ಲಿತ್ತು. ಅಂದರೆ ಅಣ್ಣನ ಲೆಕ್ಕಾಚಾರದಲ್ಲಿ ತಪ್ಪು ಹುಡುಕುವಂತಿರಲಿಲ್ಲ.

ಎರಡು ಸಲ ಕೂತವರಿಗೆ ಹಾಸ್ಟೆಲಿನಲ್ಲಿ ಜಾಗವಿಲ್ಲವೆಂದು ಹೊರಗೆ ಹಾಕಿದರು. ಹೀಗಾಗಿ ಬಸ್ಸಿನಲ್ಲಿ ಕಾಲೇಜಿಗೆ ಹೋಗಿಬರಬಹುದಾದ ಚಿಕ್ಕೋಡಿಯಲ್ಲಿ ಕೋಣೆ ಹುಡುಕುತ್ತ ಕಸ್ತೂರೆವ್ವನ ಬಾಗಿಲಿಗೆ ಬಂದೆ. ಆಕೆಗೆ ಆಗ ಐವತ್ತರ ಹತ್ತಿರ ವಯಸ್ಸು. ಎತ್ತರದ ಹೆಣ್ಣು, ಇಳಕಲ್ ಸೀರೆಯ ಸೆರಗನ್ನು ತಲೆಯ ಮೇಲೆ ಬಿಗಿಯಾಗಿ ಎಳೆದು, ಎದುರಿಗೆ ನಿಂತವನು ಯಾರೇ ಇರಲಿ ಅವನನ್ನು ಪ್ರತಿವಾದಿಯಂತೆ ನೋಡುತ್ತಿದ್ದಳು. ಊರು ಕೇಳಲಿಲ್ಲ, ಕುಲ ಕೇಳಲಿಲ್ಲ. ಕಣ್ಣು ಚೆನ್ನಾಗಿವೆಯೇ, ಚಾಳೀಸಿನ ಕನ್ನಡಕ ಬೇಕೇ ಎಂದು ಕೇಳಿದಳು. ಅಂಗಳದಾಚೆಯ ಬೇವಿನ ಮರದ ಮೇಲೆ ಕೂತ ಕಾಗೆಗಳನ್ನು ಎಣಿಸಲು ಹೇಳಿದಳು. ನಾಲ್ಕು ಎಂದೆ. ಕೋಣೆ ಕೊಟ್ಟಳು. ಓದುವ ಹುಡುಗರ ಕಣ್ಣಿನ ಮೇಲೆ ಎಂಥ ಕಾಳಜಿ ಎಂದು ನಾನು ಕರಗಿಹೋದೆ.

ಮಾಳಿಗೆಯ ಆ ಕೋಣೆಗೆ ಒಂದೇ ಕಿಟಕಿ. ಅದು ನೇರವಾಗಿ ಆ ಗೋಡೆಯ ಮೇಲೆ ತೆರೆಯುತ್ತಿತ್ತು. ಹಿಂದೆ ಅಲ್ಲಿ ಒಬ್ಬ ಸಾಲಿ ಮಾಸ್ತರ, ಒಬ್ಬ ಬ್ಯಾಂಕಿನ ಗುಮಾಸ್ತ, ಒಬ್ಬ ಬೀಜದ ಏಜಂಟ ಇದ್ದು ಹೋಗಿದ್ದರು. ಮೂವರೂ ಆಕೆಯ ಸಾಕ್ಷಿಗಳ ಪಟ್ಟಿಯಲ್ಲಿದ್ದರು. ನಾನು ನಾಲ್ಕನೆಯವನು ಎಂಬುದು ತಿಳಿಯಲು ಎರಡು ದಿನ ಸಾಕಾಯಿತು.

ಸಂಜೆ ಒಲೆಯ ಮುಂದೆ ಕೂತು ರೊಟ್ಟಿ ಬಡಿಯುತ್ತ ಆಕೆ ನನ್ನನ್ನು ಕೆಳಗೆ ಕರೆದು ವಿಚಾರಣೆ ಮಾಡುತ್ತಿದ್ದಳು. ಇವತ್ತು ಗೋಡೆಯ ಮೇಲೆ ಯಾರು ಏನು ಒಣಹಾಕಿದರು, ಎಷ್ಟು ಹೊತ್ತಿಗೆ ಹಾಕಿದರು, ಯಾವ ಕೈಯಿಂದ ಹಾಕಿದರು. ಒಂದು ದಿನ ನಾನು ಇವನ್ನೆಲ್ಲ ಚೀಟಿಯಲ್ಲಿ ಬರೆದುಕೊಂಡು ಬಂದೆ. ಆಕೆ ಚೀಟಿಯನ್ನು ಒಲೆಗೆ ಹಾಕಿದಳು. ಅದಕ್ಕೆ ಕಾರಣವಿತ್ತು. ಆ ಸಾಲಿ ಮಾಸ್ತರ ತನ್ನ ಸಾಕ್ಷಿಯನ್ನು ಚೆಂದದ ಅಕ್ಷರದಲ್ಲಿ ಬರೆದುಕೊಂಡು ಹೋಗಿದ್ದನಂತೆ. ಎದುರು ವಕೀಲ ಆ ಕಾಗದ ಕಸಿದುಕೊಂಡು ಪಾಟೀಸವಾಲು ಶುರುಮಾಡಿದ ಕೂಡಲೇ ಮಾಸ್ತರನಿಗೆ ಗೋಡೆ ಹೋಗಲಿ, ಸ್ವಂತ ಹೆಂಡತಿಯ ಹೆಸರೂ ನೆನಪಾಗಲಿಲ್ಲ. ಅಂದಿನಿಂದ ಕಸ್ತೂರೆವ್ವನಿಗೆ ಕಾಗದವೆಂದರೆ ಹಾವು.

"ಕಾಗದದಾಗ ಇದ್ದದ್ದು ಕಾಗದದ್ದು," ಅನ್ನುತ್ತಿದ್ದಳು. "ಬಾಯಾಗ ಬಂದದ್ದ ಅಷ್ಟ ನಿಂದು."

ನನಗೆ ಈ ಮಾತು ಆಗ ಅಜ್ಞಾನದ ಪರಮಾವಧಿ ಎನಿಸಿತ್ತು. ನಾನು ಓದುವ ರೀತಿಯೇ ಬೇರೆ. ಮೇಲೆ ಕೂತು ಗಟ್ಟಿಯಾಗಿ ಓದುತ್ತಿದ್ದೆ. ಒಂದೇ ಪುಟವನ್ನು ಹತ್ತು ಸಲ, ಹದಿನೈದು ಸಲ. ಓದುತ್ತ ಹೋದಂತೆ ಎಲ್ಲವೂ ಗೊತ್ತಿದ್ದಂತೆಯೇ ಕಾಣುತ್ತಿತ್ತು. ಗೊತ್ತಿದೆ ಎನಿಸಿದ ಮೇಲೆ ಓದಿನಲ್ಲಿ ಒಂದು ಸುಖವಿದೆ. ಆ ಸುಖದಲ್ಲೇ ನಾನು ಎರಡು ಸಲ ನಪಾಸಾಗಿದ್ದೆ.

ಒಂದು ರವಿವಾರ ಮಧ್ಯಾಹ್ನದಿಂದ ಸಂಜೆವರೆಗೆ ಮಣಿಕಟ್ಟಿನ ಎಂಟು ಎಲುಬುಗಳ ಪಾಠ ಓದಿದೆ. ಕೆಳಗಿನಿಂದ ಕರೆ ಬಂತು. ಪುಸ್ತಕ ಹಿಡಿದುಕೊಂಡೇ ಇಳಿದೆ. ಗೋಡೆಯ ವಿಚಾರಣೆ ಇರಬೇಕೆಂದುಕೊಂಡಿದ್ದೆ. ಆಕೆ ಹಿಟ್ಟಿನ ಕೈಯಲ್ಲೇ ಪುಸ್ತಕ ಮುಚ್ಚಿದಳು.

"ನಾಕ ತಾಸಿನಿಂದ ಒದರಾಕತ್ತಿ. ಓಣಿ ನಾಯಿಗೆ ಸುದ್ದಾ ಬಾಯಿಪಾಠ ಆಗೇತಿ. ಈಗ ನೀ ಹೇಳು."

ಎಂಟರಲ್ಲಿ ಮೂರು ಹೇಳಿದೆ. ನಾಲ್ಕನೆಯದಕ್ಕೆ ಮತ್ತೆ ಮೊದಲಿನದನ್ನೇ ಹೇಳಿದೆ. ಆಕೆ ರೊಟ್ಟಿ ಬಡಿಯುವುದನ್ನು ನಿಲ್ಲಿಸಿದಳು. ಆ ಮನೆಯಲ್ಲಿ ರೊಟ್ಟಿಯ ಸಪ್ಪಳ ನಿಂತಿತೆಂದರೆ ನ್ಯಾಯಾಧೀಶರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟಂತೆ.

ಪರೀಕ್ಷೆ ನನ್ನದು, ನಪಾಸಾದರೆ ಪಂಪು ಹೊರುವವನು ನಾನು, ನಿಮಗೇಕೆ ಚಿಂತೆ ಎಂದು ಸ್ವಲ್ಪ ಬಿರುಸಾಗಿಯೇ ಕೇಳಿದೆ.

"ನಿನ್ನ ಪರೀಕ್ಷಾ ಹಾಳಾಗಿ ಹೋಗ್ಲಿ," ಎಂದಳು ಕಸ್ತೂರೆವ್ವ. "ಈಗಷ್ಟ ಓದಿದ್ದು ಹೇಳಾಕ ಬರವಲ್ದು. ನಾಳೆ ಕಟಕಟ್ಯಾಗ ನಿಂತು ನನ್ನ ಗ್ವಾಡಿ ಬಗ್ಗೆ ಏನ ಹೇಳಾಂವ ನೀ? ಇಂಥಾ ಸಾಕ್ಷಿ ಇಟಗೊಂಡು ನಾ ಕೇಸ ಗೆಲ್ಲಬೇಕು."

ಅಷ್ಟು ಹೇಳಿ ನನ್ನ ಅನಾಟಮಿ ಪುಸ್ತಕವನ್ನು ಎತ್ತಿಕೊಂಡು ಹೋಗಿ, ಗೋಡೆಯ ಕೇಸಿನ ಕಾಗದಪತ್ರಗಳಿದ್ದ ಟ್ರಂಕಿನಲ್ಲಿ ಇಟ್ಟು ಕೀಲಿ ಹಾಕಿದಳು. ಕೀಲಿ ಸೊಂಟದ ಚಂಚಿಗೆ ಹೋಯಿತು. ನಾನು ಕೂಗಾಡಿದೆ. ಪೊಲೀಸರಿಗೆ ಹೇಳುತ್ತೇನೆಂದೆ. ಅವರೆಲ್ಲ ತನಗೆ ಚೆನ್ನಾಗಿ ಗೊತ್ತು, ಯಾರಿಗೆ ಹೇಳಬೇಕೆಂದು ತಾನೇ ತೋರಿಸುತ್ತೇನೆ, ಚಪ್ಪಲಿ ಮೆಟ್ಟಿಕೋ ಎಂದಳು.

ಮರುದಿನದಿಂದ ಹೊಸ ಕಾನೂನು ಜಾರಿಗೆ ಬಂತು. ಬೆಳಿಗ್ಗೆ ಅರ್ಧ ತಾಸು ಟ್ರಂಕು ತೆರೆಯುವುದು. ನಾನು ಪಾಠ ಓದಿಕೊಂಡು, ಕೊನೆಗೆ ಅದರೊಳಗಿನ ಹೆಸರುಗಳನ್ನು ಒಮ್ಮೆ ಗಟ್ಟಿಯಾಗಿ ಓದುವುದು. ಒಂದೊಂದು ಹೆಸರಿಗೆ ಆಕೆ ಒಂದೊಂದು ಹುಣಸೆಬೀಜವನ್ನು ಹಿತ್ತಾಳೆ ಬಟ್ಟಲಿಗೆ ಹಾಕುವುದು. ಪುಸ್ತಕ ಮತ್ತೆ ಒಳಗೆ. ಸಂಜೆ ನಾನು ಬರಿಗೈಯಲ್ಲಿ ಬಂದು ಹೇಳುವುದು. ಹೆಸರಿಗೊಂದರಂತೆ ಆಕೆ ಬೀಜ ಹೊರಗೆ ತೆಗೆಯುವುದು. ಬಟ್ಟಲಲ್ಲಿ ಬೀಜ ಉಳಿದರೆ ನಾನು ಮರೆತಿದ್ದೆ. ಬೀಜ ಮುಗಿದರೂ ನನ್ನ ಬಾಯಿ ನಡೆದಿದ್ದರೆ ಸುಳ್ಳು ಹೇಳುತ್ತಿದ್ದೆ. ಓದು ಬರಹವಿಲ್ಲದ ಹೆಂಗಸು ನನ್ನಂಥವನನ್ನು ಹಿಡಿಯಲು ಇಷ್ಟು ಸಾಕೆಂದು ನಾನು ಕನಸಿನಲ್ಲೂ ಎಣಿಸಿರಲಿಲ್ಲ.

ಲೆಕ್ಕ ಸರಿಮಾಡಲು ಒಮ್ಮೆ ಬಾಯಿಗೆ ಬಂದ ಇಂಗ್ಲಿಷ್ ಹೆಸರು ಸೇರಿಸಿದೆ. ಆಕೆ ಬೀಜವನ್ನು ಬೆರಳಲ್ಲೇ ಹಿಡಿದುಕೊಂಡಳು. ಮೊನ್ನೆ ನಾಲ್ಕನೆಯದು 'ಪಿಸಿ' ಅಂತ ಏನೋ ಸಣ್ಣ ದನಿಯಲ್ಲಿ ಬರುತ್ತಿತ್ತು, ಇವತ್ತು ದಪ್ಪ ದನಿಯದು ಬಂದಿದೆ, ಇದು ಯಾವ ಮನೆಯದು ಎಂದು ಕೇಳಿದಳು. ಪಿಸಿಫಾರ್ಮ್ ಎಂಬ ಎಲುಬು ನೆನಪಾಯಿತು. ಆಮೇಲೆ ಈವರೆಗೆ ಅದನ್ನು ಮರೆತಿಲ್ಲ.

ಉತ್ತರ ಮಾತ್ರ ಆಕೆ ಎಂದೂ ಹೇಳಿಕೊಡುತ್ತಿರಲಿಲ್ಲ. ಗೊತ್ತಿದ್ದರಲ್ಲವೇ ಹೇಳುವುದು. ತಪ್ಪಿದರೆ ನಾಳೆ ಬೆಳಿಗ್ಗೆ ಟ್ರಂಕು ತೆರೆಯುವ ತನಕ ನಾನು ತಲೆ ಕೆರೆದುಕೊಂಡೇ ಇರಬೇಕು, ನಾಳೆ ಸಂಜೆಗೆ ಮತ್ತೆ ಹಾಜರಾಗಬೇಕು. ಸರಿ ಹೇಳಿದರೂ ಬಿಡುಗಡೆ ಇರಲಿಲ್ಲ, ಮುಂದಿನ ತಾರೀಖು ಬೀಳುತ್ತಿತ್ತು. ಕಂಕುಳಿನ ರಕ್ತನಾಳದ ಆರು ಕವಲು ಸರಿ ಬಂತೋ, ಮೂರು ದಿನದ ಮೇಲೆ ತಾರೀಖು. ಆಗಲೂ ಬಂತೋ, ಎಂಟು ದಿನದ ಮೇಲೆ. ಆಮೇಲೆ ಅಮಾವಾಸ್ಯೆಗೆ. ಹದಿನೇಳು ವರ್ಷ ಕೋರ್ಟು ತನಗೆ ಕೊಟ್ಟ ತಾರೀಖುಗಳನ್ನೆಲ್ಲ ಆಕೆ ನನ್ನ ಮೇಲೆ ತೀರಿಸಿಕೊಳ್ಳುತ್ತಿದ್ದಳು. ಅದರಲ್ಲೂ ಎದುರು ವಕೀಲನ ಚಾಳಿ ಕಲಿತಿದ್ದಳು. ಕಂಕುಳಿನ ವಿಷಯ ನಡೆದಿರುವಾಗಲೇ, ಅದು ಇರಲಿ, ಮೊನ್ನೆ ಹೆಬ್ಬೆರಳಿನ ಬಗ್ಗೆ ಏನು ಹೇಳಿದ್ದೆ ಎಂದು ಜಿಗಿಯುತ್ತಿದ್ದಳು. ನಾನು ತಡವರಿಸಿದರೆ ಓಣಿಯ ಹೆಂಗಸರಿಗೆ ಕೇಳುವಂತೆ, ಈ ಡಾಕ್ಟರನ ಕೈಯಲ್ಲಿ ನಿಮ್ಮ ಮಕ್ಕಳ ಹೆಬ್ಬೆರಳು ಕೊಡಬೇಡಿರೆಂದು ಎಚ್ಚರಿಸುತ್ತಿದ್ದಳು.

ಎರಡು ತಿಂಗಳು ಹೀಗೆ ಕಳೆಯಿತು. ಕೈಯ ಭಾಗ ಮುಗಿದು ಕಾಲಿಗೆ ಬರುವ ಹೊತ್ತಿಗೆ ನನಗೆ ಅನಾಟಮಿಗಿಂತ ಕಸ್ತೂರೆವ್ವನ ಮೇಲೆಯೇ ಹೆಚ್ಚು ದ್ವೇಷ ಹುಟ್ಟಿತ್ತು. ದಿನವೂ ಸೋಲುವುದು ಯಾವ ಮನುಷ್ಯನಿಗೂ ರುಚಿಸುವುದಿಲ್ಲ. ಸರಿಯಾಗಿ ಹೇಳಿದ ಐದು ಹೆಸರು ನನಗೆ ಕಾಣುತ್ತಿರಲಿಲ್ಲ, ಬಟ್ಟಲಲ್ಲಿ ಉಳಿದ ಒಂದು ಬೀಜ ಕಾಣುತ್ತಿತ್ತು. ಈ ಹೆಂಗಸಿನಿಂದಾಗಿ ನನಗೆ ಏನೂ ಬರುವುದಿಲ್ಲ ಎಂಬುದು ಖಾತ್ರಿಯಾಗುತ್ತ ಹೋಯಿತು.

ಆಗ ನಾನು ಮಾಡಬಾರದ ಕೆಲಸ ಮಾಡಿದೆ. ಗೋಡೆಯ ಆಚೆಗೆ ಹೋದೆ.

ತಾತ್ಯಾಸಾಹೇಬ ಬಲು ಮೃದು ಮಾತಿನವನು. ನನ್ನ ದುಃಖವನ್ನೆಲ್ಲ ಕೇಳಿ ತಲೆಯಾಡಿಸಿದ. ತನ್ನ ಪಡಸಾಲೆಯಲ್ಲಿ ಕುರ್ಚಿ ಹಾಕಿಸಿದ, ಫ್ಯಾನು ಹಚ್ಚಿದ. ಶುಂಠಿ ಚಹಾ ಬಂತು, ತಟ್ಟೆಯ ತುಂಬ ಖಾರ ಚುರುಮುರಿಯ ಭಡಂಗ ಬಂತು. ನನ್ನ ಪುಸ್ತಕ ಟ್ರಂಕಿನಲ್ಲೇ ಇದ್ದುದರಿಂದ ಶೇಡಬಾಳದ ನನ್ನ ಸಹಪಾಠಿ ನೇಮಿನಾಥ ತನ್ನ ಪುಸ್ತಕ ಕೊಟ್ಟ. ಅವನು ಅದರಲ್ಲಿ ಮೂರು ಬಣ್ಣದ ಶಾಯಿಯಿಂದ ಗೆರೆ ಎಳೆದಿದ್ದ. ಗೆರೆಯಿಲ್ಲದ ಸಾಲು ಹುಡುಕಬೇಕಾಗುತ್ತಿತ್ತು.

"ನಮ್ಮಲ್ಲಿ ನಿನ್ನ ಯಾರೂ ಏನೂ ಕೇಳೂದಿಲ್ಲಪಾ," ಎಂದ ತಾತ್ಯಾಸಾಹೇಬ. "ಆರಾಮ ಕುಂತ ಓದು. ನಮ್ಮ ಕಸ್ತೂರೆವ್ವ ವೈನಿದು ಮೊದಲಿಂದ ತಲಿ ಸರಿ ಇಲ್ಲ. ನೀ ಮ್ಯಾಲಿನ ಕಿಡಕ್ಯಾಗಿಂದ ಏನೇನ ನೋಡಿದಿ ಅನ್ನೂದು ಪರೀಕ್ಷಾ ಆದಮ್ಯಾಲೆ ಸಾವಕಾಶ ಮಾತಾಡೂನು."

ಮೂರು ವಾರ ಸ್ವರ್ಗದಲ್ಲಿದ್ದೆ. ಕಾಲೇಜಿನಿಂದ ನೇರ ಅಲ್ಲಿಗೇ ಹೋಗಿ ತೊಡೆ, ಮೊಣಕಾಲು, ಮೀನಖಂಡ, ಪಾದ ಎಲ್ಲವನ್ನೂ ಇಪ್ಪತ್ತಿಪ್ಪತ್ತು ಸಲ ಓದಿದೆ. ಯಾವ ಪುಟ ತೆಗೆದರೂ ಪರಿಚಯದ ಮುಖ. ಈಚೆಗೆ ಬಂದು ಕಸ್ತೂರೆವ್ವನಿಗೆ, ಕಾಲೇಜಿನಲ್ಲಿ ಸಂಜೆ ಹೆಣ ಕೊಯ್ಯುವ ಕೆಲಸವಿದೆ, ವಿಚಾರಣೆ ಸ್ವಲ್ಪ ದಿನ ಮುಂದೆ ಹಾಕಿರಿ ಎಂದು ಹೇಳಿದ್ದೆ.

ಜುಲೈ ಕೊನೆಗೆ ಕಾಲೇಜಿನಲ್ಲಿ ಪೂರ್ವಪರೀಕ್ಷೆ ಆಯಿತು. ಕೈಗೆ ಐವತ್ತು ಅಂಕ, ಕಾಲಿಗೆ ಐವತ್ತು. ಕೈಯ ಪ್ರಶ್ನೆಗಳನ್ನು ನೋಡಿದರೆ ಎಲ್ಲಿಂದಲೋ ರೊಟ್ಟಿಯ ಸಪ್ಪಳ ಕೇಳಿದಂತಾಗಿ, ಉತ್ತರ ತಾನಾಗಿ ಬರುತ್ತಿತ್ತು. ಕಾಲಿನ ಪ್ರಶ್ನೆಗಳಿಗೆ ಬಂದೆ. ಪುಟದ ಯಾವ ಮೂಲೆಯಲ್ಲಿ ಇದೆ, ಯಾವ ಬಣ್ಣದ ಗೆರೆ ಇದೆ ಎಂಬುದೆಲ್ಲ ಕಣ್ಣ ಮುಂದೆ ಬಂತು. ಗೆರೆಯ ಮೇಲೆ ಏನು ಬರೆದಿದೆ ಎಂಬುದು ಬರಲಿಲ್ಲ. ಪರಿಚಯದ ಮುಖಗಳೆಲ್ಲ ಎದುರಿಗೆ ಸಾಲಾಗಿ ನಿಂತು, ಒಬ್ಬರೂ ಹೆಸರು ಹೇಳಲೊಲ್ಲದೆ ನನ್ನನ್ನೇ ನೋಡುತ್ತಿದ್ದವು.

ಕೈಗೆ ಮೂವತ್ತೆಂಟು ಬಂತು. ಕಾಲಿಗೆ ಒಂಬತ್ತು. ಅನಾಟಮಿ ಸರ್ ಎರಡೂ ಪೇಪರನ್ನು ಅಕ್ಕಪಕ್ಕ ಹಿಡಿದು, ಮೊದಲ ಅರ್ಧ ಯಾರದು ನೋಡಿ ಬರೆದಿದ್ದೀ ಎಂದು ಇಡೀ ಕ್ಲಾಸಿನ ಮುಂದೆ ಕೇಳಿದರು. ನಾನು ಮಾಡಿದ್ದೆಂದು ಯಾರೂ ನಂಬಲಿಲ್ಲ. ನನಗೂ ಪೂರ್ತಿ ನಂಬಿಕೆ ಇರಲಿಲ್ಲ.

ಬಸ್‌ಸ್ಟ್ಯಾಂಡಿನಿಂದ ಓಣಿಯವರೆಗೆ ನಡೆಯುತ್ತ ಲೆಕ್ಕ ಹಾಕಿದೆ. ಗೋಡೆಯ ಈಚೆ ಕೂತು ಬೈಸಿಕೊಂಡದ್ದು ಕೈ. ಆಚೆ ಕೂತು ಭಡಂಗ ತಿಂದದ್ದು ಕಾಲು. ಪುಸ್ತಕ ಒಂದೇ ಲೇಖಕರದು, ತಲೆಯೂ ನನ್ನದೇ. ಇದಕ್ಕಿಂತ ಹೆಚ್ಚಿನ ಸಾಕ್ಷಿ ಬೇಕಿರಲಿಲ್ಲ. ಆದರೆ ಅದನ್ನು ಒಪ್ಪಿಕೊಳ್ಳುವುದೆಂದರೆ ಕಸ್ತೂರೆವ್ವನನ್ನು ಒಪ್ಪಿಕೊಂಡಂತೆ. ಅದಕ್ಕಿಂತ ಪಂಪು ಹೊರುವುದು ಹಗುರ ಎಂದೂ ಒಂದು ಕ್ಷಣ ಎನಿಸಿತು.

ಓಣಿಗೆ ಬಂದು ನೋಡಿದರೆ ನನ್ನ ಹಾಸಿಗೆ, ಪೆಟ್ಟಿಗೆ, ಬಕೀಟು ಕಟ್ಟೆಯ ಮೇಲಿದ್ದವು. ಆಕೆ ನನ್ನ ಕೋಣೆ ಗುಡಿಸಲು ಹೋದವಳು ಆ ಕಿಟಕಿಯಿಂದಲೇ ಇಣುಕಿದ್ದಳು. ಮೈದುನನ ಪಡಸಾಲೆಯಲ್ಲಿ ಖಾಲಿ ಕುರ್ಚಿ, ಅದರ ಮೇಲೆ ನನ್ನ ಹೆಸರು ಬರೆದ ನೋಟುಬುಕ್ಕು ಕಂಡಿದ್ದಳು. ಆಕೆಗೆ ಅಕ್ಷರ ಬರುತ್ತಿರಲಿಲ್ಲ. ನೋಟುಬುಕ್ಕಿನ ರಟ್ಟಿನ ಮೇಲೆ ತನ್ನ ಮನೆಯ ಹಿಟ್ಟಿನ ಕಲೆ ಗುರುತು ಸಿಕ್ಕಿತ್ತು.

ಬಾಗಿಲಲ್ಲಿ ಅಡ್ಡ ನಿಂತಿದ್ದಳು. ನಾನು ತಪ್ಪಾಯಿತೆಂದೆ. ಪರೀಕ್ಷೆಗೆ ಆರೇ ವಾರ ಇದೆಯೆಂದೆ.

"ಕಾಲ ಉಳದಾವರಿ, ಕಾಕೂ," ಎಂದೆ ಕೊನೆಗೆ.

"ಅದಾವಲ್ಲ ಎರಡ. ನಡಿ."

ಬೇರೆ ದಾರಿ ಕಾಣದೆ ಪೂರ್ವಪರೀಕ್ಷೆಯ ಅಂಕ ಹೇಳಿದೆ. ಈಚೆ ಓದಿದ್ದಕ್ಕೆ ಮೂವತ್ತೆಂಟು, ಆಚೆ ಓದಿದ್ದಕ್ಕೆ ಒಂಬತ್ತು. ಆಕೆಯ ಮುಖದಲ್ಲಿ ಏನೋ ಸಡಿಲಾಯಿತು. ಮತ್ತೊಮ್ಮೆ ಹೇಳು ಎಂದಳು. ಹೇಳಿದೆ. ಆಚೆಯದು ಎಷ್ಟು ಎಂದು ಬಿಡಿಸಿ ಕೇಳಿದಳು. ಒಂಬತ್ತು ಎಂದೆ. ಅವನು ಕುರ್ಚಿ ಹಾಕಿದ್ದನೇ, ಫ್ಯಾನು ಇತ್ತೇ, ಚಹಾ ಕೊಟ್ಟಿದ್ದನೇ ಎಂದು ಒಂದೊಂದಾಗಿ ದಾಖಲು ಮಾಡಿಕೊಂಡಳು. ಆಮೇಲೆ ನನ್ನನ್ನು ಅಲ್ಲೇ ಬಿಟ್ಟು ಒಳಗೆ ಹೋಗಿ, ಗೋಡೆಯ ಬುಡದಲ್ಲಿ ನಿಂತು, ಆ ಎರಡು ಅಂಕಿಗಳನ್ನು ಆಚೆಗೆ ಕೇಳುವಂತೆ ಮೂರು ಸಲ ಕೂಗಿ ಹೇಳಿದಳು. ಹದಿನೇಳು ವರ್ಷದಲ್ಲಿ ಮೈದುನನ ವಿರುದ್ಧ ಆಕೆಗೆ ಸಿಕ್ಕ ಮೊದಲ ತೀರ್ಪು ಅದು. ಆಚೆಯಿಂದ ಫ್ಯಾನು ಬಂದ್ ಆದ ಸಪ್ಪಳ ಬಂತು.

ನನ್ನ ಬಕೀಟು ಒಳಗೆ ಬಂತು. ಆದರೆ ಒಂದು ಷರತ್ತಿತ್ತು. ಚಂಚಿಯಿಂದ ಒಂದು ಸಣ್ಣ ಪೊಟ್ಟಣ ತೆಗೆದಳು. ಚಿಂಚಲಿ ಮಾಯಕ್ಕನ ಗುಡಿಯಿಂದ ತಂದ ಅರಿಸಿನ, ಭಂಡಾರ. ನಮ್ಮ ಕಡೆ ಭಂಡಾರ ಮುಟ್ಟಿ ಸುಳ್ಳು ಹೇಳಿದವನ ಗತಿ ಏನಾಗುತ್ತದೆಂದು ಹೇಳುವ ಅಗತ್ಯವಿಲ್ಲ. ಹೇಳಲು ಅಂಥವನು ಉಳಿದಿರುವುದಿಲ್ಲ ಎಂಬುದೇ ನಂಬಿಕೆ. ಹೇಳುವ ಮೊದಲು ಪುಸ್ತಕ ನೋಡುವುದಿಲ್ಲ, ಹೇಳಿ ಆದಮೇಲೆಯೇ ನೋಡುತ್ತೇನೆ ಎಂದು ಭಂಡಾರ ಮುಟ್ಟಿಸಿದಳು. ದೇಹಶಾಸ್ತ್ರದ ವಿದ್ಯಾರ್ಥಿಯಾಗಿ ನಾನು ಇಂಥದ್ದನ್ನೆಲ್ಲ ನಂಬುತ್ತಿರಲಿಲ್ಲ. ಆದರೂ ಮುಟ್ಟಿದ ಬೆರಳು ಎರಡು ದಿನ ಊಟಕ್ಕೆ ಕೂತಾಗಲೆಲ್ಲ ಭಾರ ಎನಿಸಿತು.

ಆರು ವಾರ ಕಾಲಿನ ವಿಚಾರಣೆ ನಡೆಯಿತು. ಬೈಗುಳ ಕಡಿಮೆಯಾಗಲಿಲ್ಲ. ಮೊಣಕಾಲಿನ ಹಿಂದಿನ ಕುಣಿಯ ಗಡಿ ಹೇಳುವಾಗ ಮಾತ್ರ ಆಕೆಗೆ ವಿಶೇಷ ಆಸಕ್ತಿ ಬಂತು. ಮೇಲೆ ಯಾರು, ಕೆಳಗೆ ಯಾರು, ಒಳಗಿನ ಮಗ್ಗುಲಿಗೆ ಯಾರ ಹದ್ದು ಎಂದು ನಾಲ್ಕು ದಿನ ತಿರುಗಿ ತಿರುಗಿ ಕೇಳಿದಳು. ದೇವರು ಕೂಡ ಇಷ್ಟು ಸಣ್ಣ ಜಾಗಕ್ಕೆ ನಾಲ್ಕು ಕಡೆ ಹದ್ದು ಹಾಕಿಟ್ಟಿದ್ದಾನೆ, ಈ ಸರ್ವೇದವರಿಗೆ ಮಾತ್ರ ಆಗುವುದಿಲ್ಲ ಎಂದಳು.

ಸೆಪ್ಟೆಂಬರಿನಲ್ಲಿ ಬರೆಯುವ ಪರೀಕ್ಷೆ ಮುಗಿದು ಮೌಖಿಕ ಬಂತು. ಎರಡು ಸಲವೂ ನನ್ನನ್ನು ಕೆಡವಿದ್ದು ಅದೇ. ಹೊರಗಿನಿಂದ ಬಂದ ಪರೀಕ್ಷಕರು ಹುಡುಗರನ್ನು ಅಳಿಸಿ ಕಳಿಸುತ್ತಾರೆಂದು ಪ್ರಸಿದ್ಧರು. ನನಗಿಂತ ಮೊದಲು ಹೋದ ನೇಮಿನಾಥ ಹೊರಬಂದು ಗೋಡೆಗೆ ಹಣೆಯಿಟ್ಟು ನಿಂತುಬಿಟ್ಟ. ನಾನು ಒಳಗೆ ಹೋದೆ. ದಾರದಲ್ಲಿ ಪೋಣಿಸಿದ ಕೈಯ ಎಲುಬುಗಳನ್ನು ಮುಂದೆ ಎಸೆದು ಹೆಸರು ಹೇಳೆಂದರು. ಎಂಟೂ ಹೇಳಿದೆ. ಅರ್ಧದಲ್ಲಿ ತಡೆದು ತೊಡೆಗೆ ಹಾರಿದರು. ಹೇಳಿದೆ. ಅಲ್ಲಿಂದ ಕಂಕುಳಿಗೆ, ಕಂಕುಳಿಂದ ಪಾದಕ್ಕೆ. ಕಣ್ಣು ಕೆಂಪಗೆ ಮಾಡಿದರು, ಮೇಜು ಬಡಿದರು. ಅವರ ಬಡಿತದಲ್ಲಿ ಜೋರಿತ್ತು, ಆದರೆ ಹದ ಇರಲಿಲ್ಲ. ಜೋಳದ ರೊಟ್ಟಿ ಬಡಿಯುವ ಕೈಯ ಮುಂದೆ ತಿಂಗಳುಗಟ್ಟಲೆ ಕೂತವನಿಗೆ ಅದು ತಾಗುವಂತಿರಲಿಲ್ಲ. ಎರಡು ಪ್ರಶ್ನೆಗೆ ಮಾತ್ರ ಗೊತ್ತಿಲ್ಲ ಎಂದೆ. ಗೊತ್ತಿಲ್ಲದ್ದಕ್ಕೆ ಏನಾದರೂ ಸೇರಿಸಿ ಹೇಳುವ ಚಟ ಹುಣಸೆಬೀಜದ ಬಟ್ಟಲಲ್ಲೇ ಬಿಟ್ಟುಹೋಗಿತ್ತು. ಪರೀಕ್ಷಕರು ಎಲುಬುಗಳನ್ನು ಬದಿಗೆ ಸರಿಸಿ, ನಿಮಗೆ ಯಾರು ಕಲಿಸಿದರು ಎಂದು ಕೇಳಿದರು. ಪಕ್ಕದಲ್ಲಿ ಅನಾಟಮಿ ಸರ್ ಸ್ವಲ್ಪ ನೆಟ್ಟಗೆ ಕೂತರು. ನಾನು ಅವರ ಹೆಸರು ಹೇಳಿದೆ. ಅಂದು ಭಂಡಾರ ಹತ್ತಿರದಲ್ಲಿ ಇರಲಿಲ್ಲ.

ಪಾಸಾದೆ. ಅಷ್ಟೇನೂ ಹೊಗಳಿಕೊಳ್ಳುವ ಪಾಸಲ್ಲ, ಮೂರು ಅಂಕ ಕಡಿಮೆಯಾಗಿದ್ದರೆ ದ್ರಾಕ್ಷಿ ತೋಟದಲ್ಲಿರುತ್ತಿದ್ದೆ. ಅಪ್ಪ ಪೀಪಾಯಿಯ ಮೇಲಿನ ಬೋರ್ಡು ತೆಗೆದು ತೊಳೆಸಿದರು. ಅಣ್ಣ ಪಂಪಿನ ಬೆಲ್ಟು ಸ್ವಂತ ಬೆನ್ನಿಗೆ ಸಡಿಲಿಸಿಕೊಂಡ. ಆಮೇಲೆ ಒಂದು ವರ್ಷ ನನ್ನ ಜೊತೆ ಮಾತು ಬಿಟ್ಟ.

ನಾನು ಪೇಢೆ ತೆಗೆದುಕೊಂಡು ಕಸ್ತೂರೆವ್ವನ ಮುಂದೆ ನಿಂತೆ. ಆಕೆ ಡಬ್ಬಿ ಮುಟ್ಟಲಿಲ್ಲ. ಎಷ್ಟು ಹೇಳಲು ಬರಲಿಲ್ಲ ಎಂದು ಕೇಳಿದಳು. ಎರಡು ಎಂದೆ.

"ಯಾವ ಎರಡ?"

ಪ್ರಶ್ನೆಗಳು ನೆನಪಿದ್ದವು. ಉತ್ತರ ನೋಡಿರಲಿಲ್ಲ. ಪಾಸಾದ ಮೇಲೆ ಯಾರು ನೋಡುತ್ತಾರೆ? ಹಾಗೆಯೇ ಹೇಳಿದೆ. ಆಕೆ ಡಬ್ಬಿಯನ್ನು ನನ್ನ ಕಡೆಗೆ ಸರಿಸಿದಳು. ಆ ಎರಡಕ್ಕೆ ಮುಂದಿನ ಅಮಾವಾಸ್ಯೆ ತಾರೀಖು, ಹೇಳಿ ತಿನ್ನಿಸು ಎಂದಳು. ಅಮಾವಾಸ್ಯೆಯ ಮೊದಲೇ ನಾನು ಸಾಮಾನು ಕಟ್ಟಿಕೊಂಡು ಮತ್ತೆ ಹಾಸ್ಟೆಲಿಗೆ ಹೋದೆ. ಪಾಸಾದವರಿಗೆ ಅಲ್ಲಿ ಜಾಗವಿತ್ತು. ಗೋಡೆಯ ಕೇಸಿನಲ್ಲಿ ನನ್ನ ಸಾಕ್ಷಿಯ ಸರದಿ ಬರಲೇ ಇಲ್ಲ. ಇಷ್ಟು ತಯಾರಾದ ಸಾಕ್ಷಿಯನ್ನು ಯಾವ ನ್ಯಾಯಾಲಯವೂ ಕೇಳದೆ ಹೋದದ್ದು ಆಕೆಯ ನಷ್ಟವೋ ತಾತ್ಯಾಸಾಹೇಬನ ಪುಣ್ಯವೋ ತಿಳಿಯದು.

ಹತ್ತು ವರ್ಷ ಕಳೆಯಿತು. ನಾನು ಕಾಗವಾಡದಲ್ಲಿ, ಮೀರಜಿಗೆ ಹೋಗುವ ಬಸ್ಸು ನಿಲ್ಲುವಲ್ಲಿಯೇ ದವಾಖಾನೆ ಇಟ್ಟಿದ್ದೆ. ಅದೇ ಬೋರ್ಡು. ಎಷ್ಟು ತೊಳೆದರೂ 'ಡಾ.' ಮೇಲಿನ ಮೈಲುತುತ್ತದ ನೀಲಿ ಕಲೆ ಹೋಗಿರಲಿಲ್ಲ. ನೆಗಡಿ, ಜ್ವರ, ಕೆಮ್ಮು. ದಿನಕ್ಕೆ ಅರವತ್ತು ಜನ. ಬಾಯಿ ತುಂಬ ಡಾಕ್ಟರ್ ಸಾಹೇಬ್ರ ಅನ್ನುವವರೇ. ನನ್ನನ್ನು ಪ್ರಶ್ನೆ ಕೇಳುವವರು ಯಾರೂ ಉಳಿದಿರಲಿಲ್ಲ. ಸುಖವಾಗಿದ್ದೆ.

೧೯೯೬ರ ಒಂದು ಮುಂಜಾನೆ ಕಸ್ತೂರೆವ್ವ ಒಳಗೆ ಬಂದಳು. ಕೂದಲು ಬೆಳ್ಳಗಾಗಿತ್ತು, ಸೆರಗು ಹಾಗೆಯೇ ಬಿಗಿ. ಬಲಗೈ ಟವೆಲಿನಲ್ಲಿ ಸುತ್ತಿತ್ತು. ಮೈದುನ ಗೋಡೆಯ ಮೇಲೆ ಒಂದು ವರಸೆ ಇಟ್ಟಂಗಿ ಏರಿಸಿದ್ದಾನೆಯೇ ಎಂದು ನೋಡಲು ನಿಚ್ಚಣಿಕೆ ಹತ್ತಿ, ಕೈ ಊರಿಕೊಂಡು ಬಿದ್ದಿದ್ದಳು. ಏರಿಸಿದ್ದನಂತೆ. ಚಿಕ್ಕೋಡಿಯಲ್ಲಿ ಡಾಕ್ಟರಿಲ್ಲವೇ ಎಂದೆ. ಇದ್ದಾರೆ, ಎಲ್ಲರೂ ತಾತ್ಯಾಸಾಹೇಬನ ಕಡೆಯವರು ಎಂದಳು.

ಮಣಿಕಟ್ಟು ಬಾತಿತ್ತು. ಮುಟ್ಟಲು ಕೈ ಚಾಚಿದೆ. ಆಕೆ ತನ್ನ ಕೈ ಹಿಂದೆ ತೆಗೆದುಕೊಂಡಳು.

"ಇದರಾಗ ಎಲುಬು ಎಷ್ಟ?"

ಸುತ್ತ ಕೂತಿದ್ದ ಪೇಶಂಟುಗಳು ತಲೆಯೆತ್ತಿದರು. ನಾನು ನಗುತ್ತ, ಎಂಟು ಎಂದೆ. ಹೆಸರು ಕೇಳಿದಳು. ಎಡಗೈಯ ಬೆರಳು ಒಂದೊಂದಾಗಿ ಮಡಚುತ್ತ ಹೋದಳು. ಸ್ಕಾಫಾಯ್ಡ್, ಲ್ಯೂನೇಟ್, ಪಿಸಿಫಾರ್ಮ್, ಟ್ರೆಪೀಜಿಯಮ್, ಟ್ರೆಪಿಜಾಯ್ಡ್. ಐದು ಬೆರಳು ಮುಗಿದು ಮತ್ತೆ ಹೆಬ್ಬೆರಳು. ಕ್ಯಾಪಿಟೇಟ್. ಹ್ಯಾಮೇಟ್. ನಿಲ್ಲಿಸಿದೆ.

"ಏಳಾತು," ಎಂದಳು.

ಯೋಚಿಸಿದೆ. ಮೊದಲಿನಿಂದ ಮತ್ತೆ ಹೇಳುತ್ತ ಬಂದರೂ ಅದೇ ಏಳು. ಹತ್ತು ವರ್ಷ ಯಾರೂ ಕೇಳಿರಲಿಲ್ಲ. ಎಲುಬು ಕೂಡಿಸಲು ಎಲ್ಲ ಹೆಸರೂ ಬೇಕಾಗಿಲ್ಲ ಕಾಕೂ, ಮೊದಲು ನೋವಿಗೆ ಗುಳಿಗೆ ಕೊಡುತ್ತೇನೆ, ಪಟ್ಟಿ ಕಟ್ಟುತ್ತೇನೆ ಎಂದೆ. ಆಕೆ ಎದ್ದಳು. ಟವೆಲನ್ನು ಹಲ್ಲಿನಿಂದ ಹಿಡಿದು ತಾನೇ ಬಿಗಿದುಕೊಂಡಳು. ಮೀರಜಿಗೆ ಹೋಗುತ್ತೇನೆ, ಒಂದು ಎಲುಬು ಕಡಿಮೆ ಬಿದ್ದ ಡಾಕ್ಟರನ ಕೈಯಲ್ಲಿ ಕೊಡಲು ತನ್ನ ಕೈ ಹೆಚ್ಚಾಗಿಲ್ಲ ಎಂದು ಪೇಶಂಟುಗಳಿಗೆ ಕೇಳುವಂತೆ ಹೇಳಿ ಹೊರಟುಹೋದಳು. ಇಬ್ಬರು ಪೇಶಂಟುಗಳು ಆಕೆಯ ಹಿಂದೆಯೇ ಎದ್ದರು.

ನಾನು ಕಪಾಟಿನಿಂದ ಹಳೆಯ ಪುಸ್ತಕ ಎಳೆದೆ. ಹಿಟ್ಟಿನ ಕಲೆಯ ಪುಟ ತಾನಾಗಿಯೇ ತೆರೆಯಿತು. ಮೂರನೆಯದು. ಟ್ರೈಕ್ವೆಟ್ರಲ್. ಓಡಿದೆ.

ಬಸ್ಸು ಇನ್ನೂ ನಿಂತಿತ್ತು, ಕಂಡಕ್ಟರ್ ಚಹಾ ಕುಡಿಯುತ್ತಿದ್ದ. ಕಸ್ತೂರೆವ್ವ ಕಿಟಕಿಯ ಪಕ್ಕ ಕೂತಿದ್ದಳು. ನಾನು ಏದುಸಿರು ಬಿಡುತ್ತ ಕಿಟಕಿಯ ಸರಳು ಹಿಡಿದು, ಟ್ರೈಕ್ವೆಟ್ರಲ್ ಎಂದೆ. ಆಕೆ ನನ್ನನ್ನು ಮೇಲಿನಿಂದ ಕೆಳಗಿನವರೆಗೆ ನೋಡಿದಳು.

"ಪುಸ್ತಕ ನೋಡಿ ಬಂದೀದಿ."

ಇಲ್ಲರಿ ಎಂದೆ. ನಡೆಯುತ್ತ ಬರುವಾಗ ನೆನಪಾಯಿತು ಎಂದೆ.

ಆಕೆ ಎಡಗೈಯಿಂದ ಚಂಚಿ ಬಿಚ್ಚಿದಳು. ಹಲ್ಲಿನಿಂದ ಪೊಟ್ಟಣದ ದಾರ ಎಳೆದಳು. ಹಳದಿ ಭಂಡಾರವನ್ನು ಅಂಗೈಯಲ್ಲಿ ಹಿಡಿದು, ಸರಳಿನ ಸಂದಿಯಿಂದ ನನ್ನ ಮುಂದೆ ಚಾಚಿದಳು.

ನಾನು ಎರಡೂ ಕೈ ಬೆನ್ನ ಹಿಂದೆ ಕಟ್ಟಿಕೊಂಡೆ. ಕಂಡಕ್ಟರ್ ಚಹಾದ ಲೋಟ ಇಟ್ಟು ಬಂದು ಸೀಟಿ ಊದಿದ.